ಕೋಲಾರದ ಗಾಡಿ, ಅತನೂರಿನ ಧೋತರ

"ಫೇಲ್ ಆತ್ರಿ. ಬರ್ರಿ, ಚಾ ಕುಡಿಯೋಣು."

ಅಫಜಲಪುರದಲ್ಲಿ ಹೊಗೆ ತಪಾಸಣೆ ಮಾಡುವವನು ನನ್ನ ಪಿಕಪ್‌ನ ಸೈಲೆನ್ಸರ್‌ನಿಂದ ಸರಳು ಹೊರಗೆಳೆಯುತ್ತಾ ಹೀಗೆಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕೋಲಾರದಲ್ಲಾಗಿದ್ದರೆ "ಮುಂದಿನ ಗಾಡಿ" ಎಂದು ಕೂಗಿ ಕೈತೊಳೆದುಕೊಳ್ಳುತ್ತಿದ್ದರು. ಇಲ್ಲಿ ಕತ್ತು ಕುಯ್ದವರೇ ಕೈಹಿಡಿದು ಚಹಾ ಕುಡಿಸುತ್ತಾರೆ. ಮೂರು ವರ್ಷವಾಯಿತು, ನನಗಿನ್ನೂ ಇದು ಒಗ್ಗಿಲ್ಲ.

ನಾನು ಇಲ್ಲಿ ಹೇಗಿದ್ದೇನೆಂದು ಊರಿನವರು ಕೇಳುತ್ತಿರುತ್ತೀರಿ. ಹೀಗಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವರ ಪಿಕಪ್‌ಗೆ ಹಾಸಿಗೆ, ಪಾತ್ರೆ, ಸಸಿ ಬೆಳೆಸುವ ಟ್ರೇ ತುಂಬಿಕೊಂಡು ಅಫಜಲಪುರದ ಹತ್ತಿರದ ಈ ಅತನೂರಿಗೆ ಬಂದೆ. ನಮ್ಮ ಕಡೆ ಹೆಜ್ಜೆಗೊಂದು ನರ್ಸರಿ. ಇಲ್ಲಿ ಮೆಣಸಿನ ಸಸಿಗೆ ಜನ ಕಾಯುತ್ತಾರೆ. ಟ್ರೇ ಜೋಡಿಸಲು ಅಪ್ಪನೇ ನಿಂತು ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಅಟ್ಟ ಆ ಗಾಡಿಯಲ್ಲಿದೆ. ಮಣ್ಣೂರಿಗೆ, ಜೇವರ್ಗಿಗೆ ಸಸಿ ಮುಟ್ಟಿಸುವುದೂ ಅದೇ, ಹಬ್ಬಕ್ಕೆ ನನ್ನನ್ನು ಕೋಲಾರಕ್ಕೆ ಮುಟ್ಟಿಸುವುದೂ ಅದೇ. ಹೊಗೆಯ ಚೀಟಿ ಸಿಗದಿದ್ದರೆ ಫಿಟ್ನೆಸ್ ಇಲ್ಲ. ಫಿಟ್ನೆಸ್ ಇಲ್ಲದಿದ್ದರೆ ಅದು ಗುಜರಿಗೆ.

ಮುದ್ದೆ ಬಿಟ್ಟು ಜೋಳದ ರೊಟ್ಟಿ ಉಣ್ಣಲು ಕಲಿತೆ. ಬಟ್ಟೆಗೆ ಅರಬಿ ಎನ್ನಲು ಕಲಿತೆ. ಮನೆ ಬಾಡಿಗೆಗೆ ಕೊಟ್ಟ ಶಿವಶರಣಪ್ಪ ಕಾಕಾ ಹಿಂದೆ ಭೂಸನೂರಿನ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದವರು. ನಮ್ಮ ಬೀದಿಯಲ್ಲಿ ಒಬ್ಬರ ಗಾಡಿಯನ್ನು ಇನ್ನೊಬ್ಬರು ಮುಟ್ಟಿದರೆ ಜಗಳವೇ. ಕಾಕಾ ಮಾತ್ರ ನನ್ನನ್ನು ಕೇಳದೆಯೇ ಬೆಳಿಗ್ಗೆ ಬಾನೆಟ್ ಎತ್ತಿ ನೀರು, ಆಯಿಲ್ ನೋಡಿಬಿಡುತ್ತಿದ್ದರು. ಹಾಗಾಗಿ ನಾನು ಬಾನೆಟ್ ಎತ್ತುವುದನ್ನೇ ಬಿಟ್ಟಿದ್ದೆ.

ಫೇಲಾದ ಗಾಡಿಯನ್ನು ಮೆಕ್ಯಾನಿಕ್ ಮಲ್ಲಪ್ಪನ ಬಳಿ ಒಯ್ದೆ. ಬಾನೆಟ್ ಎತ್ತಿದವನೇ, "ಯವ್ವಾ, ಇದೇನ್ರಿ ಇದು!" ಎಂದ. ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹಳೆಯ ಧೋತರವೊಂದನ್ನು ನಾಲ್ಕು ಮಡಿಕೆ ಮಾಡಿ ಬಿಗಿದು ಕಟ್ಟಲಾಗಿತ್ತು. ಕಬ್ಬಿನ ಹಂಗಾಮಿನಲ್ಲಿ ಎರೆಮಣ್ಣಿನ ಧೂಳು ಒಳಹೋಗದಿರಲೆಂದು ಟ್ರ್ಯಾಕ್ಟರ್‌ಗೆ ಹೀಗೆ ಕಟ್ಟುವುದು ಕಾಕಾನ ರೂಢಿ. ನನ್ನ ಗಾಡಿಗೂ ಕಟ್ಟಿದ್ದರು, ಪ್ರೀತಿಯಿಂದ. ನಾನೋ, ತಪಾಸಣೆಗೆ ಮುಂಚೆ ಗಾಡಿ ಫಳಫಳ ಹೊಳೆಯಲೆಂದು ಬಾನೆಟ್ಟಿನ ಸಂದಿಗೂ ನೀರು ಬೀಳುವಂತೆ ತೊಳೆಸಿದ್ದೆ. ಧೂಳು ಕುಡಿದ ಅರಬಿ ನೆನೆದು, ಒಣಗಿ, ಹೆಂಟೆಯಾಗಿತ್ತು.

"ಭಾಳ ದಿನದಿಂದ ಉಸುರು ಕಟ್ಟಿ ಓಡ್ಯಾದ್ರಿ ಇದು" ಎಂದ ಮಲ್ಲಪ್ಪ.

ಅದನ್ನು ಬಿಚ್ಚಿ ಎಸೆದು ಮತ್ತೆ ಅಫಜಲಪುರಕ್ಕೆ ಓಡಿದೆ. ಆಸೆ ಕೆಟ್ಟದ್ದು. ಹೊಗೆ ಕಡಿಮೆಯಾಗಿತ್ತು, ಸಾಲುವಷ್ಟಲ್ಲ. ಮತ್ತೆ ಫೇಲು, ಮತ್ತೆ ಚಹಾ.

ಎರಡನೇ ಸಲ ಮಲ್ಲಪ್ಪ ನನ್ನ ಮುಖ ನೋಡದೆ ಹೇಳಿದ: "ಪಿಸ್ಟನ್ ರಿಂಗ್ ಸವದಾವ್ರಿ. ಈ ಹಳಿ ಗಾಡಿಗೆ ಸೋಲಾಪುರದಾಗೂ ಸಾಮಾನ ಸಿಗಂಗಿಲ್ಲ. ಖರೇ ಹೇಳ್ತೇನಿ, ಆಸೆ ಬಿಡ್ರಿ."

ಈಗ ಗಾಡಿ ಅಂಗಳದಲ್ಲಿದೆ. ಮಣ್ಣೂರಿಗೆ ಹೋಗಬೇಕಿದ್ದ ಸಸಿ ಟ್ರೇಯಲ್ಲೇ ಬಲಿತು ಹಳದಿಯಾಗುತ್ತಿದೆ. ಅಕ್ಕ ಫೋನು ಮಾಡಿ, "ಹಬ್ಬಕ್ಕೆ ಅಪ್ಪನ ಗಾಡೀಲೇ ಬತ್ತೀಯೇನೋ?" ಎಂದಳು. ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಬಸ್ಸಿದೆ, ರೈಲಿದೆ, ನಿಜ. ಆದರೆ ಗಾಡಿಯನ್ನು ಇಲ್ಲಿ ಬಿಟ್ಟು ಬಸ್ಸಿನಿಂದಿಳಿದರೆ ನಾನು ಆ ಮನೆಗೆ ನೆಂಟನೇ ಹೊರತು ಮಗನಲ್ಲ. ಇಲ್ಲೋ, ಗಾಡಿಯಿಲ್ಲದ ಸಸಿಯವನನ್ನು ಯಾರು ಎಷ್ಟು ದಿನ ನೆನಪಿಟ್ಟುಕೊಳ್ಳುತ್ತಾರೆ? ಈ ಸಲ ನನಗೆ ದಾರಿ ಕಾಣುತ್ತಿಲ್ಲ.

ಇವತ್ತು ಬೆಳಿಗ್ಗೆ ಕಾಕಾ ಎಂದಿನಂತೆ ಬಾನೆಟ್ ಎತ್ತಿದರು. ಅವರಿಗೆ ನಾನಿನ್ನೂ ಏನೂ ಹೇಳಿಲ್ಲ.

"ತಮ್ಮಾ, ಅರಬಿ ಎಲ್ಲಿ ಹೋತೋ? ಧೂಳ ಹೊಕ್ಕರ ಇಂಜಿನ್ ಹಾಳಾಗ್ತದ."

"ಬಿಚ್ಚಿ ಬಿದ್ದಿರಬೇಕು ಕಾಕಾ."

ಒಳಗೆ ಹೋಗಿ, ಒಗೆದು ಮಡಚಿಟ್ಟಿದ್ದ ತಮ್ಮ ಇನ್ನೊಂದು ಧೋತರ ತಂದರು. ಕೋಪ ಬರಬೇಕಿತ್ತು. ಆದರೆ ಅಪ್ಪನ ನಂತರ ಆ ಗಾಡಿ ಕೆಡಬಾರದೆಂದು ಚಿಂತಿಸಿದವರು ಇವರೊಬ್ಬರೇ.

"ಕಟ್ಟಲೇನೋ?"

ಬಾನೆಟ್ಟನ್ನು ನಾನೇ ಎತ್ತಿ ಹಿಡಿದೆ.

"ಕಟ್ರಿ ಕಾಕಾ. ಬಿಗಿಯಾಗಿ ಕಟ್ರಿ."