ಉಣ್ಣೆಯ ಹಳದಿ

ಮೆಕ್ನೆಸ್ ಊರಿನ ಹಳೇ ಪೇಟೆಯಲ್ಲಿ ಹಾಜ್ ಬೆನಾಶಿರನ ಮಸಾಲೆ ಅಂಗಡಿಗೆ ಸೇರಿ ಥಾಮಿಗೆ ಆರು ವರ್ಷ. ಅಷ್ಟರಲ್ಲಿ ಅವನು ಕಲಿತ ವಿದ್ಯೆ ಒಂದೇ: ಹಳದಿ ಬಣ್ಣದ ಪುಡಿಯನ್ನು ಜೋಳದ ಹಿಟ್ಟಿಗೆ ಬೆರೆಸಿ ಹಸಿರು ಕಾಗದದಲ್ಲಿ ಪೊಟ್ಟಣ ಕಟ್ಟುವುದು. ಸೀನಿದರೆ ಕರವಸ್ತ್ರ ಹಳದಿ, ಉಗುಳಿದರೆ ಉಗುಳು ಹಳದಿ. ಬೆವರಿದ ದಿನ ಬನಿಯನ್ನಿನ ಕಂಕುಳು ಮದುವೆ ಊಟದ ಸಾರಿನ ಹಾಗೆ ಕಾಣುತ್ತಿತ್ತು. ಹೆಣ್ಣು ಸಿಗದ ಇಪ್ಪತ್ತಾರರ ಗಂಡಿಗೆ ಇದಕ್ಕಿಂತ ಅಲಂಕಾರ ಬೇಕೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಊರಿನವರಿಗೆ ಈ ಹಳದಿ ಇಲ್ಲದೆ ಕೋಳಿ ಕೋಳಿಯೇ ಅಲ್ಲ. ಆಲಿವ್, ಉಪ್ಪಿನಲ್ಲಿಟ್ಟ ನಿಂಬೆ ಹಾಕಿ ಬೇಯಿಸಿದ ಸಾರಿಗೆ ಅದ್ದಿದ ರೊಟ್ಟಿ ಹೊಳೆಯಬೇಕು, ಬೆರಳು ಸಂಜೆಯವರೆಗೂ ಹಳದಿಯಾಗಿರಬೇಕು. ಬಿಳಿಚಿದ ಕೋಳಿ ಬಡಿಸಿದವರು ಜಿಪುಣರು, ಇಲ್ಲವೇ ನೆಂಟರನ್ನು ಕಡೆಗಣಿಸಿದವರು. ಮೊದಲು ಅಂಗಡಿಗೆ ಬರುತ್ತಿದ್ದ ಬಣ್ಣದ ಡಬ್ಬದ ಮೇಲೆ 'ಆಹಾರಕ್ಕೆ' ಎಂದಾದರೂ ಬರೆದಿತ್ತು, ಇಷ್ಟೇ ಹಾಕಬೇಕು ಎಂದೂ ಇತ್ತು. ಆ 'ಇಷ್ಟೇ'ಯನ್ನು ಓದುವ ಗೋಜಿಗೆ ಹೋಗದೆ ಜನ ಚಮಚದಲ್ಲಿ ಸುರಿಯುತ್ತಿದ್ದರು.

ಮೂರು ವಾರದ ಹಿಂದೆ ಬಂದ ಡಬ್ಬದ ಮೇಲೆ ಆಹಾರದ ಸುದ್ದಿಯೇ ಇರಲಿಲ್ಲ. ಒಂದು ಕುರಿಯ ಚಿತ್ರವಿತ್ತು.

"ಹಾಜ್, ಇದು ಉಣ್ಣೆಗೆ ಹಾಕೋ ಬಣ್ಣ," ಎಂದ ಥಾಮಿ.

"ಕುರೀನ ನಾವು ತಿನ್ನಲ್ವೇನೋ?" ಬೆನಾಶಿರ್ ತಲೆ ಎತ್ತಲಿಲ್ಲ. "ಹಳದಿ ಅಂದ್ರೆ ಹಳದಿ. ಕಟ್ಟು."

ಥಾಮಿ ಕಟ್ಟಿದ. ಮೂರು ವಾರ ಬಿಡದೆ ಕಟ್ಟಿದ. ಅನ್ನ ಕೊಡುವ ಧಣಿಗೆ ಎದುರಾಡಬಾರದು ಎಂಬ ನೆಪ ಕೈಗೆ ಸಿಕ್ಕಿತ್ತು, ಅದನ್ನೂ ಜೊತೆಗೇ ಮಡಿಚಿಟ್ಟುಕೊಂಡ.

ಆ ಶುಕ್ರವಾರ ಮಧ್ಯಾಹ್ನ ತಂಗಿ ಘಿತಾಳನ್ನು ಕೇಳಲು ಗಂಡಿನ ಕಡೆಯವರು ಊಟಕ್ಕೆ ಬಂದಿದ್ದರು. ಎಲ್ಲರೂ ಅಂಗೈ ಚಾಚಿ ಫಾತಿಹಾ ಪ್ರಾರ್ಥನೆ ಓದಿದರೆ ಸಂಬಂಧ ಕುದುರಿದ ಹಾಗೆ. ಹುಡುಗನ ಅಪ್ಪ ಸೀ ಜಿಲಾಲಿ ಕಡಿಮೆ ಮಾತಿನವರು. ಮೂವತ್ತು ವರ್ಷ ಜಲ್ಲಾಬಿ ನಿಲುವಂಗಿಯ ಬಟ್ಟೆಗೆ ಉಣ್ಣೆ ಅದ್ದಿ ಬಣ್ಣ ಹಾಕಿದವರು. ಅವರ ಪಾಲಿನ ಮಾತನ್ನೂ ಅಕ್ಕ ಲಲ್ಲಾ ಮೆನ್ನಾನಾ ಆಡಿ ಮುಗಿಸುತ್ತಿದ್ದರು.

ಎಲ್ಲರೂ ಕೈ ಹಾಕುವ ದೊಡ್ಡ ತಟ್ಟೆ ನಡುವೆ ಬಂತು. ಮೆನ್ನಾನಾ ರೊಟ್ಟಿಯ ತುದಿಯಿಂದ ಕೋಳಿಯನ್ನು ಹೊರಳಿಸಿ ನೋಡಿದರು.

"ಕೋಳಿಗೆ ಜ್ವರ ಬಂದಿತ್ತಾ ತಾಯಿ? ಮುಖ ಬಿಳಿಚ್ಕೊಂಡಿದೆ."

ಥಾಮಿಯ ಅಮ್ಮ ನಗಲು ನೋಡಿದಳು, ಆಗಲಿಲ್ಲ.

"ಮಸಾಲೆ ಅಂಗಡಿಯವನ ಮನೇಲೇ ಹಳದಿಗೆ ಬರ. ಇರ್ಲಿ ಬಿಡಿ, ನಾನೆಲ್ಲಿಗೆ ಹೋದ್ರೂ ಇಟ್ಕೊಂಡೇ ಹೋಗೋದು." ಮೆನ್ನಾನಾ ಚೀಲಕ್ಕೆ ಕೈ ಹಾಕಿ ಹಸಿರು ಪೊಟ್ಟಣ ತೆಗೆದರು.

ಅದರ ಮಡಿಕೆ ಥಾಮಿಯದೇ. ಸುಮ್ಮನಿದ್ದರೆ ಎರಡು ನಿಮಿಷದಲ್ಲಿ ತಟ್ಟೆ ಹೊಳೆಯುತ್ತದೆ, ಹೆಂಗಸು ತಣ್ಣಗಾಗುತ್ತಾಳೆ, ತಂಗಿಯ ಮದುವೆ ನಿಶ್ಚಯವಾಗುತ್ತದೆ. ಒಂದು ಊಟಕ್ಕೆ ಯಾರೂ ಸಾಯುವುದಿಲ್ಲ. ಅವನು ಸುಮ್ಮನಿರಲು ತೀರ್ಮಾನಿಸಿಯೂ ಆಗಿತ್ತು. ಅಷ್ಟರಲ್ಲಿ ಘಿತಾ, ದೊಡ್ಡವರ ಮನಸ್ಸು ಮುರಿಯಬಾರದೆಂದು, ಮೆನ್ನಾನಾ ಪೊಟ್ಟಣ ಬಿಚ್ಚಿ ಸುರಿಯಲು ಹೊರಟ ಕಡೆಯ ಸಾರಿಗೇ ರೊಟ್ಟಿ ಚಾಚಿದಳು. ಥಾಮಿ ತಟ್ಟೆಗೆ ಅಡ್ಡ ಕೈಯಿಟ್ಟ. ಪುಡಿ ಅವನ ಮುಂಗೈ ಮೇಲೆ ಬಿತ್ತು.

"ಅದು ತಿನ್ನೋದಲ್ಲ ಲಲ್ಲಾ."

ಜಿಲಾಲಿ ಅವನ ಕೈ ಹಿಡಿದು, ತಮ್ಮ ಹೆಬ್ಬೆರಳಿಗೆ ನೀರು ತಾಕಿಸಿ ಪುಡಿಯನ್ನು ಉಜ್ಜಿದರು, ಮೂಸಿದರು.

"ಇದು ನಮ್ ಕಸುಬಿಂದು. ರಬ್ಬರ್ ಗ್ಲೌಸ್ ಇಲ್ದೆ ಮುಟ್ತಾ ಇರ್ಲಿಲ್ಲ ನಾವು." ಪೊಟ್ಟಣದ ಮಡಿಕೆ ನೋಡಿ ಕೇಳಿದರು, "ಯಾರು ಕಟ್ಟಿದ್ದು?"

"ನಾನೇ."

"ಗೊತ್ತಿದ್ದೇ?"

"ಗೊತ್ತಿದ್ದೇ."

"ಮೊಮ್ಮಕ್ಕಳಿಗೆ ದಿನಾ ಹಾಕ್ತಿದೀನಲ್ಲೋ," ಎಂದರು ಮೆನ್ನಾನಾ. ದನಿ ಇಳಿದಿತ್ತು. "ಚಿಟಿಕೆಗೇ ಎಷ್ಟು ಬಣ್ಣ ಬಿಡುತ್ತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ."

ಮಗನ ಮಾನ ಉಳಿಸಬೇಕೆಂದು ಅಮ್ಮ ನಡುವೆ ಬಂದಳು. "ನಮ್ ಹುಡುಗ ಅಂಥೋನಲ್ಲ. ಬಣ್ಣ ಅಷ್ಟು ಹತ್ತದಿದ್ರೂ ಸರಿ ಅಂತ ಮೂರು ವಾರದಿಂದ ನಮಗೆ ಅರಿಶಿನಾನೇ ತಂದ್ಕೊಡ್ತಾನೆ. ಅಂಗಡಿ ಹಳದಿ ಕೆಟ್ಟಿದೆ, ಮುಟ್ಬೇಡ ಅಂತ ಮೊದಲ್ನೇ ದಿನವೇ ಹೇಳಿದ್ದ."

ಹೇಳಿ ಮುಗಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ತಿಳಿಯಿತು. ಘಿತಾ ಅಣ್ಣನ ಕಡೆ ನೋಡಿದಳು, ಅನ್ನದಲ್ಲಿ ಸಿಕ್ಕ ಕೂದಲನ್ನು ನೋಡುವ ಹಾಗೆ.

ಜಿಲಾಲಿ ಎದ್ದು ಥಾಮಿಗೆ ಹೇಳಿದರು. "ಫಾತಿಹಾ ಇವತ್ತು ಬೇಡ. ಹುಡುಗಿ ಮೇಲೆ ನಂಗೇನೂ ಇಲ್ಲ. ನಿನ್ ಜೊತೆ ಒಂದೇ ತಟ್ಟೆಗೆ ಕೈ ಹಾಕಕ್ಕೆ ಹೇಸಿಗೆ ಆಗುತ್ತೆ, ಅಷ್ಟೇ. ಮುಂದಿನ ಶುಕ್ರವಾರ ಬರ್ತೀವಿ. ಕಟ್ಟಿದ್ದನ್ನೆಲ್ಲ ವಾಪಸ್ ತಂದು ನನ್ ಮುಂದೆ ಇಡು. ತರ್ಲಿಲ್ಲ ಅಂದ್ರೆ ನಾವೂ ಬರಲ್ಲ."

ಮರುದಿನ ವಿಷಯ ಕೇಳಿ ಬೆನಾಶಿರ್ ನಕ್ಕ. "ಊರಿಗೆಲ್ಲ ಸಾರ್ಕೋ ಹೋಗು. ಕಟ್ಟಿದ ಕೈ ನಿಂದು." ಥಾಮಿ ಅಂಗಡಿ ಬಿಟ್ಟು, ಗೋಣಿಚೀಲ ಹಿಡಿದು ಮನೆಮನೆ ತಿರುಗಿದ. ಒಬ್ಬಾಕೆ ಬಾಗಿಲಲ್ಲೇ ಉಗಿದಳು. ಇನ್ನೊಬ್ಬಾಕೆ ಪೊಟ್ಟಣವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, "ಕೊಡಲ್ಲಪ್ಪ, ಇಷ್ಟು ಒಳ್ಳೇ ಬಣ್ಣ ಇನ್ನೆಲ್ಲಿ ಸಿಗುತ್ತೆ? ಇದ್ರೆ ಇನ್ನೆರಡು ಕೊಡು," ಎಂದಳು, ಅವಳಿಂದ ಕಿತ್ತುಕೊಳ್ಳಲು ಅರ್ಧ ದಿನ ಹಿಡಿಯಿತು. ಚಮ್ಮಾರರ ಓಣಿಯ ಮುದುಕನೊಬ್ಬ ಅವನನ್ನು ಕೂರಿಸಿಕೊಂಡು ತನ್ನ ಮೂತ್ರದ ಬಣ್ಣವನ್ನು ವಿವರವಾಗಿ ವರ್ಣಿಸಿದ. "ಕಾಮಾಲೆ ಅಂದ್ಕೊಂಡು ಡಾಕ್ಟರ ಹತ್ರ ಹೋಗಿದ್ದೆ ಕಣೋ. ಅವ್ರೂ ತಲೆ ಕೆರ್ಕೊಂಡ್ರು." ಥಾಮಿ ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡಿದ. ಮಾಡಿ, ಬಣ್ಣ ಯಾವುದೆಂದು ಬಗ್ಗಿ ನೋಡಿದ.

ಶುಕ್ರವಾರ ಜಿಲಾಲಿ ಗೋಣಿಚೀಲ ಬಿಚ್ಚಿದರು. ಅರ್ಧ ತುಂಬಿತ್ತು.

"ಉಳಿದದ್ದು?"

"ತಿಂದಾಯ್ತಂತೆ."

ಅವರು ಚೀಲದ ಬಾಯಿ ಕಟ್ಟಿ, ಮೂಲೆಗೆ ಸರಿಸಿ, ಎರಡು ಸಲ ಕೈ ತೊಳೆದು ಬಂದು ಕೂತರು. ಫಾತಿಹಾ ಓದಿದರು. ಘಿತಾ ಅತ್ತಳು, ಅಮ್ಮನೂ ಅತ್ತಳು. ಮತ್ತೆ ಬಿಳಿಚಿದ ಕೋಳಿಯೇ ಬಂತು. ಈ ಸಲ ಯಾರೂ ಅದರ ಆರೋಗ್ಯ ವಿಚಾರಿಸಲಿಲ್ಲ.

ಮೆನ್ನಾನಾ ಯಾರಿಗೂ ಏನೂ ಹೇಳದೆ ಸಣ್ಣ ತಟ್ಟೆಯೊಂದಕ್ಕೆ ಒಂದು ತುಂಡು, ಎರಡು ಆಲಿವ್ ಹಾಕಿ ಗೋಡೆಯ ಪಕ್ಕ ಇಟ್ಟರು. ಅದು ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ. ಥಾಮಿ ಹೋಗಿ ಕೂತ. ಪೊಟ್ಟಣ ಕಟ್ಟಿದ ಆ ಕೈಯ ಜೊತೆ ಉಣ್ಣುವುದಕ್ಕೆ ಅವನಿಗೂ ಹೇಸಿಗೆಯಾಗುತ್ತಿತ್ತು. ಆದರೆ ಅವನಿಗೆ ಬೇರೆ ಕೈ ಇರಲಿಲ್ಲ.