ಖಾಲಿ ಸೀಟಿನ ಡ್ಯೂಟಿ

ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ಕಲಿಯುವ ಪಿ.ಜಿ. ಸೀಟೊಂದು ಆ ವರ್ಷ ಯಾರೂ ಸೇರದೆ ಖಾಲಿ ಉಳಿದಿತ್ತು. ಅದನ್ನು ನನಗೆ ಕೊಡಿಸಿ ಎಂದು ಹೈಕೋರ್ಟಿಗೆ ಹೋದೆ. ಪ್ರವೇಶದ ಗಡುವು ಮುಗಿದಿದೆ, ತಡವಾಗಿ ಸೇರಿದರೆ ಕಲಿಕೆ ಕೆಡುತ್ತದೆ ಎಂದು ಕಾಲೇಜಿನವರು ವಾದಿಸಿದರು. ಅರ್ಜಿ ವಜಾ ಆಯಿತು. ನಾನು ರಾಯಬಾಗದ ಸರ್ಕಾರಿ ದವಾಖಾನೆಯ ಡಾಕ್ಟರ್ ಕೆಲಸಕ್ಕೆ ಮರಳಿದೆ.

ಕೆಲವು ತಿಂಗಳ ನಂತರ, ಚೊಚ್ಚಲ ಹೆರಿಗೆಗೆಂದು ಮುಗಳಖೋಡದ ತವರಿಗೆ ಬಂದಿದ್ದ ಹುಡುಗಿಯೊಬ್ಬಳನ್ನು ಕರೆತಂದರು. ಮಗು ಅಡ್ಡ ತಿರುಗಿತ್ತು, ಆಪರೇಷನ್ನೇ ಆಗಬೇಕು. ನಮ್ಮಲ್ಲಿ ಅರಿವಳಿಕೆ ಕೊಡುವವರಿಲ್ಲ. ಜೀಪಿನಲ್ಲಿ ಅದೇ ಕಾಲೇಜಿನ ಆಸ್ಪತ್ರೆಗೆ ಒಯ್ದೆ.

ಥಿಯೇಟರಿನ ಬಾಗಿಲಲ್ಲಿ ಇಣುಕಿದ ಅರಿವಳಿಕೆಯ ಪಿ.ಜಿ. ವಿದ್ಯಾರ್ಥಿ ನಾನು ಬರೆದು ತಂದಿದ್ದ ಚೀಟಿಯ ಮೇಲಿನ ನನ್ನ ಹೆಸರು ನೋಡಿ ನಿಂತ.

“ಕೇಸ್ ಹಾಕಿದ್ದವ್ರು ನೀವೇನ್ರಿ? ಇಬ್ಬರು ಇರೂ ಜಾಗಾದಾಗ ನಾನೊಬ್ಬನ ಅದೀನ್ರಿ. ನಿಮ್ಮ ಡ್ಯೂಟಿನೂ ನಾನ ಮಾಡಾಕತ್ತೇನಿ. ಒಳಗಿನ ಆಪರೇಷನ್ ಮುಗಿಯೂತನಕ ಕಾಯಬೇಕ್ರಿ.”

ಬಾಗಿಲು ಮುಚ್ಚಿತು. ಹುಡುಗಿಯ ತಾಯಿ ನನ್ನ ತೋಳು ಹಿಡಿದಳು.

“ಡಾಕ್ಟ್ರ, ಆ ಇಂಜೆಕ್ಷನ್ ಮಾಡಾಕ ನಿಮಗ ಬರೂದಿಲ್ಲೇನ್ರಿ?”

“ಕಲಿಯಾಕಂತ ಇಲ್ಲಿಗೇ ಬಂದಿದ್ದೆ, ಅವ್ವಾ. ತಡಾ ಆಗೇತಿ ಅಂದ್ರು.”

ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು.

“ನಮಗೂ ಹಂಗ ಅಂತಾರೇನ್ರಿ?”

ನಾನು ಮುಂದೆ ಹೋಗಿ ಆ ಬಾಗಿಲು ಬಡಿದೆ.