ಆರನೇ ಸೀಡಿ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಶ್ರೀನಿವಾಸಪುರದಲ್ಲಿ ಮನೆಮನೆಯೂ ಮಾವಿನ ವಾಸನೆ ಹೊಡೆಯುತ್ತಿತ್ತು. ಮಂಚದ ಕೆಳಗೆ, ಅಟ್ಟದ ಮೇಲೆ, ಕಡೆಗೆ ದೇವರ ಗೂಡಿನ ಪಕ್ಕದಲ್ಲೂ ಹುಲ್ಲು ಹಾಸಿ ಕಾಯಿ ಹಣ್ಣಿಗಿಡುತ್ತಿದ್ದರು. ಎದ್ದು ಮುಖ ತೊಳೆಯುವ ಮೊದಲೇ ಹುಲ್ಲಿನೊಳಗೆ ಕೈಬಿಟ್ಟು ಮೆತ್ತಗಾದ ರಸಪುರಿ ಹುಡುಕುತ್ತಿದ್ದದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬಹುದು. ನನಗೆ ಮಾತ್ರ ಈಗ ಆ ವಾಸನೆ ಬಂದರೆ ಬಾಯಲ್ಲಿ ನೀರೂರುವುದಿಲ್ಲ. ಅದಕ್ಕೆ ಕಾರಣ ಇಂಗ್ಲೆಂಡಿನ ಹಳೇ ಕಾಲದ ಒಂದು ಕತೆ.

ನಾನಾಗ ಆರನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದೆ. ಅಪ್ಪ ಮಂಡಿಯಲ್ಲಿ ಕಾಯಿ ಆರಿಸುವ ಮೇಸ್ತ್ರಿ. ಸೀಜನ್ನಿನಲ್ಲಿ ಅಮ್ಮನೂ ಕ್ರೇಟು ತುಂಬಲು ಅಲ್ಲಿಗೇ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ವನಜತ್ತೆ. ಅತ್ತೆ ಅಪ್ಪನ ತಂಗಿ. ಹಾಸಿಗೆ ಹಿಡಿದ ಅಜ್ಜಿಯನ್ನು ಏಳು ವರ್ಷ ನೋಡಿಕೊಂಡಳು. ಅಜ್ಜಿ ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆಗೆ ಮೂವತ್ತೆರಡಾಗಿತ್ತು, ಗಂಡು ನೋಡುವವರು ನೋಡುವುದನ್ನೇ ಬಿಟ್ಟಿದ್ದರು. ನನಗೆ ಎಣ್ಣೆ ಹಚ್ಚಿ ತಲೆ ಬಾಚುವವಳು, ಮುದ್ದೆಗೆ ಗುಳಿ ಮಾಡಿ ಮಾವಿನಕಾಯಿ ಹಾಕಿದ ಬೇಳೆ ಪಪ್ಪು ಸುರಿಯುವವಳು, ಜ್ವರ ಬಂದರೆ ಪಕ್ಕ ಬಿಡದೆ ಕೂರುವವಳು ಎಲ್ಲ ಅವಳೇ. ಅಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅಮ್ಮ ಸಂಜೆಗೆ ಸಿಗುತ್ತಿದ್ದಳು, ಅತ್ತೆ ಇಡೀ ದಿನ ನನ್ನವಳಾಗಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರ ಖಾದರ್ ಭಾಯ್ ಅವರ ಸೀಡಿ ಅಂಗಡಿಯಿತ್ತು. ತೆಲುಗು ಸೀಡಿ ತರಲು ಹೋದ ಅತ್ತೆಯ ಕೈಗೆ ಅವರು ಒಂದು ದಪ್ಪ ಡಬ್ಬಿ ಇಟ್ಟರು. ಮುಖಪುಟದಲ್ಲಿ ದೊಡ್ಡ ಟೋಪಿ ಹಾಕಿದ ಹೆಂಗಸು, ಹಿಂದೆ ಕೋಟೆಯಂಥ ಮನೆ.

"ತಗೊಂಡೋಗಮ್ಮ. ಒಂದೇ ಕತೆದು ಎರಡು ಸೆಟ್ ಬಂದು ಕೂತವೆ, ಮುಟ್ಟೋರೇ ಇಲ್ಲ. ನಿಧಾನಕ್ಕೆ ನೋಡಿ ಕೊಡು" ಅಂದರು.

ಡಬ್ಬಿಯಲ್ಲಿ ಆರು ಸೀಡಿ ಇದ್ದವು. ಮಾತೆಲ್ಲ ಇಂಗ್ಲಿಷು, ಕೆಳಗೆ ಬರುವ ಅಕ್ಷರವೂ ಇಂಗ್ಲಿಷು. ಅತ್ತೆ ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿದ್ದೇ ಇಂಗ್ಲಿಷಿನಲ್ಲಿ. ನಾನು ಕಾನ್ವೆಂಟಿನವಳು, ಹಾಗಾಗಿ ಓದಿ ಹೇಳುವ ಕೆಲಸ ನನಗೆ ಬಂತು. ಯಾರಾದರೂ ತುಟಿ ಅಲ್ಲಾಡಿಸಿದರೆ ಸಾಕು, ಅತ್ತೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು "ಏಮಂಟಾದೇ?" ಅನ್ನುತ್ತಿದ್ದಳು. ಏನಂತಾಳೆ ಎಂದು. ನಮ್ಮ ಹಿರಿಯರು ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು, ಮನೆಯಲ್ಲಿ ತೆಲುಗು ಕನ್ನಡ ಒಂದೇ ತಟ್ಟೆಯಲ್ಲಿ ಕಲಸಿಕೊಂಡೇ ಇರುತ್ತಿದ್ದವು. ನಾನು ಅರ್ಥವಾದದ್ದನ್ನು ಹೇಳುತ್ತಿದ್ದೆ, ಆಗದ್ದನ್ನು ಕಟ್ಟಿ ಹೇಳುತ್ತಿದ್ದೆ. ದೊಡ್ಡವಳೊಬ್ಬಳು ನನ್ನ ಬಾಯಿ ನೋಡಿಕೊಂಡು ಕೂರುವುದು ನನಗೆ ಭಾರಿ ಹೆಮ್ಮೆ.

ಕತೆಯ ನಾಯಕಿಯ ಹೆಸರು ನಮ್ಮ ನಾಲಿಗೆಗೆ ಸಿಗಲಿಲ್ಲ. ಯಾವಾಗಲೂ ನೀಲಿ ಗೌನು ತೊಡುತ್ತಿದ್ದಳೆಂದು ಅತ್ತೆ ಅವಳಿಗೆ ನೀಲಿ ಎಂದೇ ಹೆಸರಿಟ್ಟಳು. ನೀಲಿಗೆ ಮುದುಕ ಅಪ್ಪ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಅಕ್ಕ, ಎಕರೆಗಟ್ಟಲೆ ಹೂದೋಟ. ಊರಿನ ಹೊಳೆಗೆ ಸೇತುವೆ ಕಟ್ಟಲು ಹೆಂಡತಿ ಸತ್ತ ಒಬ್ಬ ಇಂಜಿನಿಯರು ಬರುತ್ತಾನೆ. ಅಷ್ಟೇ ಕತೆ. ಆದರೆ ಅತ್ತೆಯ ಮಾತು ಸೇರಿದರೆ ಒಂದೊಂದು ಸೀಡಿ ಎರಡು ಮಧ್ಯಾಹ್ನ ನಡೆಯುತ್ತಿತ್ತು. ನಾವು ತೋತಾಪುರಿ ಹೋಳುಗಳಿಗೆ ಉಪ್ಪು ಖಾರ ಹಚ್ಚಿಕೊಂಡು ಕೂರುತ್ತಿದ್ದೆವು.

"ಇಷ್ಟು ದೊಡ್ಡ ಮನೆ, ಒಂದು ಬಚ್ಚಲು ತೋರಿಸಲ್ಲ ನೋಡು. ಟೀ ಕುಡಿಯೋದೇ ಆಯ್ತು, ಅನ್ನ ಯಾವಾಗ ತಿಂತಾರೋ!"

ಅಕ್ಕನ ಟೋಪಿ ನೋಡಿ, "ಮೂಗಿಗಿಂತ ಮೂಗುತಿ ಭಾರ" ಅನ್ನುತ್ತಿದ್ದಳು. ಪಕ್ಕದೂರಿನ ಜಮೀನ್ದಾರ ನೀಲಿಯನ್ನು ಕೇಳಿ, ಅವಳು ಒಲ್ಲೆ ಅಂದಾಗ ಅತ್ತೆ ತೊಡೆ ತಟ್ಟಿದಳು. "ಸರಿಯಾಗಿ ಮಾಡಿದ್ಲು. ಅವನು ಇವಳ ಮುಖ ನೋಡಿದ್ನಾ? ತೋಟ ನೋಡ್ದ." ಆದರೆ ಇಂಜಿನಿಯರು ಎದುರು ನಿಂತಾಗಲೂ ನೀಲಿ ತಲೆ ಬಗ್ಗಿಸಿ ಸುಮ್ಮನಾಗಿಬಿಟ್ಟಳು. ಆಗ ಅತ್ತೆಗೆ ತಡೆಯಲಾಗಲಿಲ್ಲ. "ಬಾಯಿ ಬಿಡೇ ಹುಡುಗಿ! ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇವಳ ಹತ್ರ ಬಂಗಾರ ಜಾಸ್ತಿಯಾಯ್ತು" ಎಂದು ಟೀವಿಯನ್ನೇ ಬೈದಳು.

ನಾವು ಐದನೇ ಸೀಡಿಯಲ್ಲಿದ್ದಾಗ ನಿಜವಾದ ಗಂಡು ಮನೆಗೆ ಬಂದ. ದೇವರಾಯಸಮುದ್ರದವರು, ದನದಾಸ್ಪತ್ರೆಯಲ್ಲಿ ಕಾಂಪೌಂಡರ್. ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವರೂ ಅವರಕ್ಕನೂ ಚಾಪೆಯ ಮೇಲೆ ಕೂತು ಕೇಸರಿಬಾತು ತಿಂದರು. ಅತ್ತೆ ಗೋಡೆಗೆ ಒರಗಿ ನಿಂತಿದ್ದಳು. ಟೀವಿಯ ಮೇಲಿದ್ದ ಡಬ್ಬಿ ನೋಡಿ ಅವರು, "ಇಂಗ್ಲಿಷ್ ಸಿನಿಮಾ ನೋಡ್ತೀರಾ?" ಎಂದು ಕೇಳಿದರು.

"ನಂಗೆಲ್ಲಿ ಬರುತ್ತೆ. ಓದಿ ಹೇಳೋಕೆ ನಮ್ಮ ಹುಡುಗಿ ಇದಾಳೆ" ಅಂದಳು ಅತ್ತೆ.

"ನಂಗೂ ಸ್ವಲ್ಪ ಓದೋಕೆ ಬರುತ್ತೆ" ಅಂದು ಅವರು ನಕ್ಕರು. ಅತ್ತೆಯೂ ನಕ್ಕಳು. ಆ ನಗು ನಾನು ಅದುವರೆಗೆ ನೋಡಿದ್ದಲ್ಲ. ಆ ಮನುಷ್ಯನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅವರು ಹೋದ ಮೇಲೆ ಅವರು ಕುಡಿದ ಲೋಟವನ್ನು ನಾನೇ ಎತ್ತಿ ಬಚ್ಚಲಿಗೆ ಎಸೆದೆ.

ಅಪ್ಪ, "ಒಳ್ಳೇ ಜನ. ನಿನ್ನಿಷ್ಟ ಏನಮ್ಮ?" ಎಂದು ಕೇಳಿದರೆ ಅತ್ತೆ, "ಶುಕ್ರವಾರ ಹೇಳ್ತೀನಣ್ಣ" ಅಂದಳು. ಅವಳಿಗೆ ಮನಸ್ಸಿತ್ತು, ಹೆದರಿಕೆಯೂ ಇತ್ತು. ಅಜ್ಜಿಯ ಸೇವೆಯಲ್ಲಿ ಏಳು ವರ್ಷ ಮನೆಯ ಹೊಸಿಲು ದಾಟದವಳು. ಮಧ್ಯಾಹ್ನ ನನ್ನ ಜಡೆ ಹೆಣೆಯುತ್ತಾ ತಮಾಷೆಗೋ ಏನೋ, "ನೀಲಿ ಏನ್ಮಾಡ್ತಾಳೋ ನೋಡೋಣ ಕಣೇ. ಆಮೇಲೆ ನಮ್ಮ ಕತೆ" ಅಂದಳು. ನನಗದು ತಮಾಷೆಯಾಗಿ ಕೇಳಲಿಲ್ಲ.

ಗುರುವಾರ ಆರನೇ ಸೀಡಿ ಹಾಕಿದೆವು. ಇಂಜಿನಿಯರು ಬಡಗಣ ಸೀಮೆಯ ಗಣಿ ಊರಿಗೆ ಹೊರಟಿದ್ದ, ಬರುತ್ತೀಯಾ ಎಂದು ಕೇಳಿದ್ದ. ನೀಲಿ ಮೇಜಿನ ಮುಂದೆ ಕೂತು ಕಾಗದ ಬರೆಯಲು ಲೇಖನಿ ಎತ್ತಿದಳು, ಕರೆಂಟು ಹೋಯಿತು. ಅತ್ತೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಬೀದಿಯಲ್ಲಿ ನಲ್ಲಿ ಬಂತೆಂದು ಕೂಗು. ವಾರಕ್ಕೊಮ್ಮೆ ಬರುವ ನೀರು, ಬಿಡುವಂತಿಲ್ಲ. ಅತ್ತೆ ಬಿಂದಿಗೆ ಎತ್ತಿಕೊಂಡು ಓಡಿದಳು. ಅವಳು ಸಾಲಿನಲ್ಲಿ ನಿಂತಿದ್ದಾಗ ಕರೆಂಟು ಬಂತು.

ನಾನೊಬ್ಬಳೇ ನೋಡಿದೆ. ನೀಲಿ ಬರುತ್ತೇನೆಂದೇ ಬರೆದಳು. ಬೆಳಗ್ಗೆ ಎದ್ದು ಅಪ್ಪನ ಹಣೆಗೆ ಮುತ್ತಿಟ್ಟು, ಪೆಟ್ಟಿಗೆ ಹೊರಿಸಿಕೊಂಡು ಕುದುರೆ ಗಾಡಿ ಹತ್ತಿದಳು. ಗಾಡಿ ಗೇಟು ದಾಟಿತು. ಅವಳು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಆರು ಸೀಡಿಗಳಿಂದ ನಮ್ಮವಳಾಗಿದ್ದವಳು ಹಾಗೆ ಮಾಡಬಹುದೆಂದು ನಾನು ಎಣಿಸಿರಲಿಲ್ಲ. ಅತ್ತೆಯೂ ಹೀಗೇ ಹೋಗುತ್ತಾಳೆ ಅನ್ನಿಸಿತು. ಸೀಡಿ ಹೊರಗೆ ತೆಗೆದೆ, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆ. ಅದರ ಹೊಳಪು ಹೋಗುವವರೆಗೂ ಉಜ್ಜಿದೆ.

ಅತ್ತೆ ಸೊಂಟದಲ್ಲಿ ತುಂಬಿದ ಬಿಂದಿಗೆ ಹೊತ್ತು ಬಂದಳು.

"ಸೀಡಿ ಕೆಟ್ಟೋಯ್ತತ್ತೆ. ಆದ್ರೆ ಅಷ್ಟೊತ್ತಿಗೆ ಮುಗಿದಿತ್ತು, ನಾನು ನೋಡ್ದೆ" ಅಂದೆ.

ಅವಳು ಬಿಂದಿಗೆಯನ್ನು ಇಳಿಸಲೂ ಇಲ್ಲ. "ಏಮಂಟಾದೇ ಕೊನೆಗೆ?"

"ಬರಲ್ಲ ಅಂದ್ಲು. ಅಪ್ಪನ್ನ, ತೋಟಾನ ಬಿಟ್ಟು ಬರಲ್ಲ ಅಂತ ಬರೆದ್ಲು."

"ಅಳ್ತಿದ್ಲಾ?"

"ಇಲ್ಲತ್ತೆ. ನಗ್ತಾ ಹೂ ಕೀಳ್ತಿದ್ಲು."

ಅತ್ತೆ ಬಿಂದಿಗೆ ಇಳಿಸಿ, ಸೆರಗಿನಿಂದ ಸೊಂಟ ಒರೆಸಿಕೊಂಡು, "ಹೌದಾ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ "ಹೌದಾ" ಅಂದಳು.

ಶುಕ್ರವಾರ ಅವಳು ಅಪ್ಪನಿಗೆ, "ಬೇಡಣ್ಣ, ನಾನು ಇಲ್ಲೇ ಚೆನ್ನಾಗಿದೀನಿ" ಎಂದಾಗ ನಾನು ಹುಲ್ಲಿನ ಪಕ್ಕ ಕೂತು ಮಾವಿನ ವಾಟೆ ಚೀಪುತ್ತಿದ್ದೆ. ಅಪ್ಪ ಎರಡು ಸಲ ಕೇಳಿದರು. ಅಮ್ಮ ಒಂದು ಸಲ ಒಳಗೆ ಕರೆದುಕೊಂಡು ಹೋಗಿ ಕೇಳಿದಳು. ನಾನು ಗೆದ್ದಿದ್ದೆ. ಅಷ್ಟು ಸಿಹಿಯಾದ ಹಣ್ಣನ್ನು ನಾನು ಆಮೇಲೆ ತಿಂದಿಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಆ ಮಳೆಗಾಲದಿಂದ ಅತ್ತೆ ತಾನಾಗಿ ಇಂಗ್ಲಿಷ್ ಕತೆ ತರಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಾ ತೆಲುಗು ಧಾರಾವಾಹಿ ನೋಡುತ್ತಿದ್ದಳು. ನಾನೇ ಏನಾದರೂ ಹಾಕಿದರೆ ಪಕ್ಕದಲ್ಲಿ ಕೂರುತ್ತಿದ್ದಳು, ಏಮಂಟಾದೇ ಎಂದು ಮಾತ್ರ ಕೇಳುತ್ತಿರಲಿಲ್ಲ. ಅವಳಿಗೆ ಬೇಸರ ಬಂದಿರಬೇಕು ಅಂದುಕೊಂಡೆ. ಎಣ್ಣೆ ಹಚ್ಚುವುದು, ಜಡೆ ಹಾಕುವುದು ಎಲ್ಲ ಮೊದಲಿನಂತೆಯೇ ನಡೆಯಿತು. ಅತ್ತೆ ಹೋಗದಂತೆ ಹಿಡಿದಿಟ್ಟ ನಾನು ಹದಿನೇಳಕ್ಕೇ ಕೋಲಾರದ ಹಾಸ್ಟೆಲಿಗೆ ಹೊರಟೆ. ಬಸ್ಸು ಹತ್ತುವಾಗ ತಿರುಗಿ ನೋಡಿದೆನೋ ಇಲ್ಲವೋ, ನೆನಪಿಲ್ಲ. ಈಗ ಮಾಲೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ.

ಹೋದ ಬೇಸಿಗೆಯಲ್ಲಿ ಆ ಕತೆ ನನ್ನ ಫೋನಿನಲ್ಲಿ ಸಿಕ್ಕಿತು. ಇಷ್ಟು ವರ್ಷ ಹೊತ್ತದ್ದನ್ನು ಹೇಳಿಬಿಡಬೇಕೆಂದು ಊರಿಗೆ ಹೋದೆ. ಅತ್ತೆ ಅಮ್ಮನ ಜೊತೆ ಜಗಲಿಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಅಮ್ಮ ಒಳಗೆ ಎದ್ದುಹೋದ ಮೇಲೆ ಪಕ್ಕ ಕೂತು, "ಅತ್ತೆ, ನೀಲಿ ಕತೆ ಸಿಕ್ಕಿದೆ. ಅದರ ಕೊನೆ ನಾನು..." ಅಂದೆ.

"ನೋಡಿದೀನಿ ಕಣೇ" ಅಂದಳು ಅತ್ತೆ, ಕೈ ನಿಲ್ಲಿಸದೆ.

"ಯಾವಾಗ?"

"ಆವಾಗ್ಲೇ, ಆಷಾಢದಲ್ಲಿ. ಡಬ್ಬಿ ವಾಪಸ್ ಕೊಡೋಕೆ ಹೋಗಿದ್ದೆ. ಸೀಡಿ ಕೆಟ್ಟಿದೆ ಅಂದಿದ್ದಕ್ಕೆ ಖಾದರ್ ಭಾಯ್ ಇನ್ನೊಂದು ಸೆಟ್ಟಿಂದು ತೆಗೆದು ಅಂಗಡಿ ಟೀವೀಲೇ ಹಾಕಿ ತೋರಿಸಿದ್ರು. ಗಾಡಿ ಹತ್ತಿ ಹೋಗ್ತಾಳೆ. ಓದೋಕೆ ಬರದೇ ಇದ್ರೂ ಅದು ಕಾಣುತ್ತಲ್ಲ."

"ಆಗ ಆ ಕಾಂಪೌಂಡರು..."

"ಅವ್ರಿಗೆ ಆಷಾಢಕ್ಕೆ ಮುಂಚೇನೇ ಬೇರೆ ಕಡೆ ಮದುವೆ ಆಯ್ತು."

ನನ್ನನ್ನು ಯಾಕೆ ಬೈಯಲಿಲ್ಲ, ಒಂದು ಏಟಾದರೂ ಯಾಕೆ ಹಾಕಲಿಲ್ಲ ಎಂದು ಅಳುತ್ತಲೇ ಕೇಳಿದೆ. ಅತ್ತೆ ಈಳಿಗೆಮಣೆಯನ್ನು ಪಕ್ಕಕ್ಕಿಟ್ಟಳು.

"ಹನ್ನೊಂದು ವರ್ಷದ ಮಗು ನೀನು. ನನ್ನ ಬದುಕು ಏನಾಗ್ಬೇಕು ಅಂತ ನಿನ್ನ ಕೇಳಿದೋಳು ನಾನು ತಾನೇ?"

ಆಮೇಲೆ ಇಬ್ಬರೂ ಫೋನು ನೋಡಿದೆವು. ಅದೇ ಮೇಜು, ಅದೇ ಕಾಗದ. ನೀಲಿಯ ತುಟಿ ಅಲ್ಲಾಡಿತು. ಅಭ್ಯಾಸಬಲದಿಂದ ನನ್ನ ಪಕ್ಕೆ ಬಿಗಿಯಾಯಿತು. ಮೊಣಕೈ ಬರಲಿಲ್ಲ. ನಾನಾಗಿಯೇ ಓದಿ ಹೇಳಲು ಬಾಯಿ ತೆರೆದೆ.

"ಬೇಡ ಬಿಡೇ, ನಂಗೆ ಗೊತ್ತಾಗುತ್ತೆ" ಅಂದಳು ಅತ್ತೆ.

ಖಾದರ್ ಭಾಯ್ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. ನಮ್ಮ ಮನೆಯಲ್ಲಿ ಹುಲ್ಲು ಹಾಸಿ ಹಣ್ಣಿಗಿಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅವು ಹೋದದ್ದಕ್ಕೆ ನನಗೆ ಅಂಥ ಸಂಕಟವೇನಿಲ್ಲ. ದಿನವೂ ನಲವತ್ತು ಮಕ್ಕಳು ಇಂಗ್ಲಿಷ್ ಪಾಠದ ಅರ್ಥ ಕೇಳುತ್ತಾರೆ, ನಾನು ಹೇಳಿದ್ದನ್ನು ನಂಬಿ ಬರೆದುಕೊಳ್ಳುತ್ತಾರೆ. ಅತ್ತೆ ಮಾತ್ರ ಕೇಳುವುದಿಲ್ಲ.